ಬ್ಯಾಟರಿಯಲ್ಲಿ ಇನ್ನೆಷ್ಟು ಉಳಿದಿದೆ? ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನನ್ನದು ಯುಪಿಎಸ್, ಮೊಬೈಲ್ ಮತ್ತು ತೋಟದ ಬ್ಯಾಟರಿ ಸಾಮಾನುಗಳ ರಿಪೇರಿ ಅಂಗಡಿ. ಜೂನಿನಲ್ಲಿ ಮಳೆ ಹಿಡಿದು ಸಿಲ್ವರ್ ಮರಗಳು ತಂತಿಯ ಮೇಲೆ ಮಲಗತೊಡಗಿದವೆಂದರೆ ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆಯವರೆಲ್ಲ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ: ಇದರಲ್ಲಿ ಇನ್ನೆಷ್ಟು ಉಳಿದಿದೆ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಪ್ರಶ್ನೆಗಳು ಅವರವು, ಭಾಷೆಯನ್ನು ಮಾತ್ರ ತುಸು ತಿದ್ದಿದ್ದೇನೆ.

ಫೋನ್ ತೋರಿಸುವ ಶೇಕಡಾ ಲೆಕ್ಕ ನಿಜವೇ?

ಅದು ಅಂದಾಜು. ಒಳ್ಳೆಯ ಅಂದಾಜು, ಆದರೂ ಅಂದಾಜೇ. ಅಡುಗೆ ಅನಿಲದ ಸಿಲಿಂಡರನ್ನು ತಕ್ಕಡಿಗೆ ಹಾಕಿ ಖಾಲಿ ತೂಕ ಕಳೆದರೆ 14.2 ಕಿಲೋದಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಬ್ಯಾಟರಿ ತುಂಬಿದ್ದರೂ ಬರಿದಾಗಿದ್ದರೂ ತಕ್ಕಡಿಗೆ ಒಂದೇ. ಒಳಗೆ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದಿರುತ್ತವೆ, ಹೊರಗೆ ಹೋದದ್ದು ಏನೂ ಇಲ್ಲ. ಎಷ್ಟು ಸರಿದಿವೆ ಎಂದು ಇಣುಕಿ ನೋಡಲು ಕಿಟಕಿಯೂ ಇಲ್ಲ.

ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವರು ಮರದ ಬುಡದಲ್ಲಿ ನಿಂತು, ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಆದೀತು ಎನ್ನುತ್ತಾರಲ್ಲ, ಹಾಗೆ. ಪಳಗಿದ ಚೇಣಿದಾರ ಹೆಚ್ಚು ತಪ್ಪುವುದಿಲ್ಲ. ಆದರೂ ಕೊಯ್ದು, ಸುಲಿದು, ತೂಗುವವರೆಗೆ ಅದು ಬರೀ ಮಾತು.

ಆ ಅಂದಾಜಿಗೆ ಆಧಾರ ಏನು?

ಕೆರೆಯನ್ನು ನೆನೆಸಿಕೊಳ್ಳಿ. ನೀರೆಷ್ಟಿದೆ ಎಂದು ತಿಳಿಯಲು ಎರಡು ದಾರಿ. ಏರಿಯ ಮೇಲೆ ನಿಂತು ಮಟ್ಟ ನೋಡುವುದು ಒಂದು. ತೂಬಿನ ಬಳಿ ಕುಳಿತು, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಜಮಾಖರ್ಚು ಬರೆಯುವುದು ಇನ್ನೊಂದು.

ಬ್ಯಾಟರಿಯ ಮಟ್ಟವೆಂದರೆ ವೋಲ್ಟೇಜ್. ಫೋನಿನ ಲಿಥಿಯಂ ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್, ಹೊಸ ಫೋನುಗಳಲ್ಲಿ ಇನ್ನೂ ತುಸು ಹೆಚ್ಚು. ಬರಿದಾದಾಗ 3ರ ಆಸುಪಾಸು. ತೊಡಕಿರುವುದು ನಡುವಿನಲ್ಲಿ. ಶೇ 80ರಿಂದ 20ಕ್ಕೆ ಬರುವಷ್ಟರಲ್ಲಿ ವೋಲ್ಟೇಜ್ ಇಳಿಯುವುದು ಹೆಚ್ಚುಕಡಿಮೆ 0.3 ವೋಲ್ಟ್ ಮಾತ್ರ. ತಟ್ಟೆಯಂತೆ ಅಗಲವಾದ ಕೆರೆಯಲ್ಲಿ ಮಟ್ಟ ಒಂದು ಗೇಣು ಇಳಿದರೂ ಎಷ್ಟೋ ಗದ್ದೆಗಳಿಗೆ ನೀರು ಹೋಗಿರುತ್ತದೆ. ಆ ಒಂದು ಗೇಣನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ.

ಅದಕ್ಕೇ ಫೋನಿನೊಳಗೆ ಜಮಾಖರ್ಚು ಬರೆಯುವ ಪುಟ್ಟ ಚಿಪ್ ಕುಳಿತಿರುತ್ತದೆ. ವಿದ್ಯುತ್ ಹರಿಯುವ ದಾರಿಯಲ್ಲಿ ಅತಿ ಸಣ್ಣ ರೆಸಿಸ್ಟರ್ ಒಂದನ್ನು ಇಟ್ಟಿರುತ್ತಾರೆ, 10 ಮಿಲಿಓಮ್ ಎಂದುಕೊಳ್ಳಿ. 1 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ವ್ಯತ್ಯಾಸ ಕಾಣುತ್ತದೆ. ಚಿಪ್ ಇದನ್ನು ಸತತವಾಗಿ ಅಳೆದು ಕೂಡಿಸುತ್ತಾ ಕಳೆಯುತ್ತಾ ಹೋಗುತ್ತದೆ. ಕೂಲಂಬ್ ಎಣಿಕೆ ಎಂದು ಇದರ ಹೆಸರು. ಗುಮಾಸ್ತ ಪ್ರಾಮಾಣಿಕನೇ, ಆದರೆ ಅವನ ಚಿಲ್ಲರೆ ತಪ್ಪುಗಳು ಬಡ್ಡಿಯಂತೆ ಬೆಳೆಯುತ್ತವೆ. ಅಳತೆಯಲ್ಲಿ 5 ಮಿಲಿಆಂಪಿಯರ್ ತಪ್ಪಿದರೆ ದಿನಕ್ಕೆ 120 ಮಿಲಿಆಂಪಿಯರ್ ಗಂಟೆ. 5,000ದ ಬ್ಯಾಟರಿಯಲ್ಲಿ ಅದು ಶೇ 2.4. ಯಾರೂ ತಿದ್ದದಿದ್ದರೆ ಹತ್ತು ದಿನದಲ್ಲಿ ಕಾಲು ಭಾಗದಷ್ಟು ಲೆಕ್ಕ ಎಕ್ಕುಟ್ಟಿ ಹೋಗುತ್ತದೆ.

ತಿದ್ದುವುದು ವೋಲ್ಟೇಜಿನ ಕೆಲಸ. ರಾತ್ರಿ ಫೋನ್ ಸುಮ್ಮನೆ ಬಿದ್ದಿರುವಾಗ ಬ್ಯಾಟರಿ ತಣ್ಣಗಾಗಿ ಅದರ ವೋಲ್ಟೇಜ್ ಒಂದು ನೆಲೆಗೆ ಬರುತ್ತದೆ. ಆಗ ಚಿಪ್ ತನ್ನ ಪಟ್ಟಿಯನ್ನು ತೆಗೆದು, ಇಷ್ಟು ವೋಲ್ಟ್ ಎಂದರೆ ಇಷ್ಟು ಶೇಕಡಾ ಎಂದು ಹೋಲಿಸಿ, ಪುಸ್ತಕವನ್ನು ಸರಿಮಾಡಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಬಳಸದೆಯೇ ಶೇ 3 ಹೋಗಿದೆ ಎಂದು ಗಾಬರಿಯಾಗುತ್ತೀರಲ್ಲ, ಅದರಲ್ಲಿ ಸ್ವಲ್ಪ ಈ ತಿದ್ದುಪಡಿಯ ಪಾಲೂ ಇರಬಹುದು.

ಮುಳ್ಳಯ್ಯನಗಿರಿಯ ಮೇಲೆ ಶೇ 18 ಇತ್ತು, ಫೋಟೋ ತೆಗೆಯಹೋದರೆ ಫೋನ್ ಆರಿಹೋಯಿತು. ಕೆಳಗೆ ಬಂದು ಆನ್ ಮಾಡಿದರೆ ಶೇ 14 ಇದೆ! ಇದೇನು ಮಾಯೆ?

ಡಿಸೆಂಬರ್, ಜನವರಿಯಲ್ಲಿ ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. 1,930 ಮೀಟರ್ ಎತ್ತರದ ಬೆಟ್ಟ, ಬೆಳಗಿನ ಚಳಿಗಾಳಿ, ಮೂರು ವರ್ಷದ ಹಳೆಯ ಬ್ಯಾಟರಿ. ಮೂರೂ ಸೇರಿವೆ.

ಪ್ರತಿ ಬ್ಯಾಟರಿಗೂ ಒಳಗೇ ಒಂದು ಪ್ರತಿರೋಧ ಇರುತ್ತದೆ. ಹಳೆಯದಾದಷ್ಟೂ, ತಣ್ಣಗಾದಷ್ಟೂ ಅದು ಏರುತ್ತದೆ. ನಿಮ್ಮ ಬ್ಯಾಟರಿ 3.6 ವೋಲ್ಟಿನಲ್ಲಿ ಇತ್ತು, ಒಳಗಿನ ಪ್ರತಿರೋಧ 0.2 ಓಮ್ ಎಂದಿಟ್ಟುಕೊಳ್ಳಿ. ಕ್ಯಾಮೆರಾ, ಫ್ಲ್ಯಾಶ್, ಬಿಸಿಲಿಗೆಂದು ಪೂರ್ತಿ ಏರಿಸಿದ ಪರದೆಯ ಬೆಳಕು ಸೇರಿ ಒಮ್ಮೆಲೇ 2 ಆಂಪಿಯರ್ ಎಳೆದರೆ 0.4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಫೋನಿಗೆ ಸಿಗುವುದು 3.2. ಇನ್ನು ಎಳೆದರೆ ಕೆಟ್ಟೀತೆಂದು ಅದು ಕಣ್ಣು ಮುಚ್ಚುತ್ತದೆ. ಚಾರ್ಜ್ ಎಲ್ಲಿಯೂ ಹೋಗಿರಲಿಲ್ಲ, ಬೇಕಾದ ವೇಗದಲ್ಲಿ ಹೊರಗೆ ಬರಲಿಲ್ಲ. ಜೇಬಿನ ಬಿಸಿಗೆ ಮತ್ತೆ ಸಿಕ್ಕಿತು.

ಬೆಟ್ಟ ಹತ್ತುವಾಗ ಫೋನನ್ನು ಸ್ವೆಟರಿನ ಒಳಜೇಬಿನಲ್ಲಿ ಇಡಿ. ಸಿಗ್ನಲ್ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕಿ. ದೂರದ ಟವರನ್ನು ಹುಡುಕಿ ಕೂಗಿ ಕೂಗಿಯೇ ಫೋನ್ ಸುಸ್ತಾಗುತ್ತದೆ. ತೋಟದ ಮನೆಗಳಲ್ಲಿ ಬೆಳಿಗ್ಗೆ ತುಂಬಿಸಿದ್ದು ಮಧ್ಯಾಹ್ನಕ್ಕೇ ಖಾಲಿಯಾಗಲು ಮುಖ್ಯ ಕಾರಣ ಇದೇ. ಬ್ಯಾಟರಿ ಬದಲಾಯಿಸಿಕೊಡಿ ಎಂದು ಬರುವವರಲ್ಲಿ ಕೆಲವರನ್ನು ಇಷ್ಟು ಹೇಳಿಯೇ ವಾಪಸ್ ಕಳುಹಿಸುತ್ತೇನೆ. ವ್ಯಾಪಾರಕ್ಕೆ ನಷ್ಟ, ಇರಲಿ.

ಹಳೆಯ ಫೋನ್ ಬೇಗ ಶೇ 100 ಆಗುತ್ತದೆ, ಬೇಗ ಖಾಲಿಯೂ ಆಗುತ್ತದೆ. ಶೇ 100 ಎಂದರೆ ಪೂರ್ತಿ ತಾನೇ?

ಹೂಳು ತುಂಬಿದ ಕೆರೆಯೂ ಕೋಡಿ ಬೀಳುತ್ತದೆ. ಇನ್ನೂ ಬೇಗ ಬೀಳುತ್ತದೆ! ಕೋಡಿ ಹರಿಯಿತೆಂದು ಬಾಗಿನ ಕೊಟ್ಟು ಬಂದರೆ ಬೇಸಿಗೆಗೆ ನೀರು ಉಳಿಯುವುದಿಲ್ಲ. ಶೇ 100 ಎನ್ನುವುದು ಇವತ್ತಿನ ಬ್ಯಾಟರಿ ಹಿಡಿಯುವಷ್ಟರ ನೂರು, ಕೊಂಡ ದಿನದ್ದಲ್ಲ. ಪೂರ್ತಿ ಸುತ್ತು ಐನೂರು ಆದ ಮೇಲೆ ಮೂಲ ಸಾಮರ್ಥ್ಯದ ಶೇ 80 ಉಳಿಯುತ್ತದೆ ಎಂಬುದು ಫೋನ್ ಬ್ಯಾಟರಿಗಳ ಬಗ್ಗೆ ಬಹುಕಾಲದಿಂದ ನಡೆದುಬಂದ ಲೆಕ್ಕ. ಶೇ 50ರಿಂದ 100ಕ್ಕೆ ಎರಡು ಸಲ ತುಂಬಿಸಿದರೆ ಒಂದು ಸುತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ಎಂದು ಬೇರೆಯೇ ಒಂದು ಅಂಕಿ ಇದ್ದರೆ ಅದನ್ನು ನೋಡಿ. ಹೂಳೆಷ್ಟು ಎಂದು ಹೇಳುವುದು ಅದು.

ಶೇ 100ರಲ್ಲಿ ಅರ್ಧ ಗಂಟೆ ನಿಲ್ಲುತ್ತದೆ, ಶೇ 1ರಲ್ಲೂ ತುಂಬ ಹೊತ್ತು ನಡೆಯುತ್ತದೆ. ಯಾಕೆ?

ಎರಡೂ ತುದಿಯಲ್ಲಿ ತಯಾರಕರು ಸ್ವಲ್ಪ ಮುಚ್ಚಿಟ್ಟಿರುತ್ತಾರೆ. ಚಾರ್ಜರ್ ತೆಗೆದ ಕೂಡಲೇ 99 ಕಂಡರೆ ಗಿರಾಕಿ ಜಗಳಕ್ಕೆ ಬರುತ್ತಾನೆ ಎಂದು ಮೇಲೆ, ಸೆಲ್ ಪೂರ್ತಿ ಬರಿದಾಗಿ ಹಾಳಾಗಬಾರದು ಎಂದು ಕೆಳಗೆ.

ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿಸಬೇಕಂತೆ?

ಅದು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯಾಗುವುದೇ ಕಷ್ಟದ ಕೆಲಸ. ಆದರೆ ಶೇಕಡಾ ಲೆಕ್ಕ ಹಾದಿ ತಪ್ಪಿದೆ ಅನಿಸಿದರೆ, 30ರಿಂದ ಒಮ್ಮೆಲೇ 12ಕ್ಕೆ ಹಾರುತ್ತಿದ್ದರೆ, ಒಮ್ಮೆ ತಾನಾಗಿ ಆಫ್ ಆಗುವವರೆಗೆ ಬಳಸಿ, ಎಡೆಬಿಡದೆ ಪೂರ್ತಿ ತುಂಬಿಸಿ. ಗುಮಾಸ್ತನಿಗೆ ಕೆರೆಯ ತಳವನ್ನೂ ಕೋಡಿಯನ್ನೂ ತೋರಿಸಿದಂತೆ. ಬ್ಯಾಟರಿ ಇದರಿಂದ ಗಟ್ಟಿಯಾಗುವುದಿಲ್ಲ, ಲೆಕ್ಕ ಮಾತ್ರ ನೇರವಾಗುತ್ತದೆ.

ಯುಪಿಎಸ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ. ಬ್ಯಾಟರಿ ತುಂಬಿದೆ ಎಂದು ಅರ್ಥವೇ?

ಚಾರ್ಜ್ ಮಾಡುವ ಕೆಲಸ ಮುಗಿಯಿತು ಎಂದು ಅರ್ಥ. ಎರಡರ ನಡುವೆ ಬಹಳ ಅಂತರವಿದೆ. ಸೀಸ-ಆಮ್ಲದ ಬ್ಯಾಟರಿಯನ್ನು ವೋಲ್ಟೇಜಿನಿಂದ ಅಳೆಯಬಹುದು, ಆದರೆ ಅದು ವಿಶ್ರಾಂತಿಯಲ್ಲಿ ಇರಬೇಕು. ಚಾರ್ಜ್ ಆಗುತ್ತಿರುವಾಗ ಮೀಟರ್ ಹಿಡಿದರೆ 13.5 ಅಥವಾ 14 ಕಾಣುತ್ತದೆ. ಅದು ಚಾರ್ಜರಿನ ವೋಲ್ಟೇಜ್, ಬ್ಯಾಟರಿಯ ಸಂಗತಿ ಅದರಲ್ಲಿ ಏನೂ ಇಲ್ಲ. ಚಾರ್ಜರನ್ನೂ ಲೋಡನ್ನೂ ತಪ್ಪಿಸಿ ಮೂರ್ನಾಲ್ಕು ಗಂಟೆ ಬಿಟ್ಟು ಅಳೆಯಿರಿ. 12.7 ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. 11.8ಕ್ಕಿಂತ ಕೆಳಗೆ ಹೋಗಿದ್ದರೆ ಅಂದೇ ಚಾರ್ಜಿಗೆ ಹಾಕಿ. ಹಾಗೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ನೀವು ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡುತ್ತೀರಲ್ಲ, ಅದೇನು?

ಹೈಡ್ರೋಮೀಟರ್. ಹಾಲಿನ ಡೈರಿಯಲ್ಲಿ ನೀರು ಬೆರೆಸಿದವರನ್ನು ಹಿಡಿಯುವ ಲ್ಯಾಕ್ಟೋಮೀಟರಿನ ಅಣ್ಣ. ಬ್ಯಾಟರಿ ಖಾಲಿಯಾಗುವಾಗ ಗಂಧಕಾಮ್ಲ ತಟ್ಟೆಗಳೊಳಗೆ ಸೇರಿಕೊಂಡು ದ್ರವ ತೆಳ್ಳಗಾಗುತ್ತದೆ, ತುಂಬುವಾಗ ಆಮ್ಲ ಮರಳಿ ದ್ರವಕ್ಕೆ ಬರುತ್ತದೆ. ಕೊಳವೆಯೊಳಗೆ ತೇಲುವ ಬುರುಡೆ ಎಷ್ಟು ಮುಳುಗಿತು ಎಂದು ನೋಡಿದರೆ ಸಾಕು, ದ್ರವ ನೀರಿಗಿಂತ ಎಷ್ಟು ಪಟ್ಟು ದಟ್ಟ ಎಂದು ತಿಳಿಯುತ್ತದೆ. ಮನೆಯ ಟ್ಯೂಬುಲರ್ ಬ್ಯಾಟರಿ ತುಂಬಿದಾಗ 1.240ರ ಆಸುಪಾಸು, ಕಾರಿನದ್ದು 1.270. 1.150ಕ್ಕೆ ಬಂದರೆ ಬರಿದು. ನನ್ನ ಕೇಳಿದರೆ ಎಲ್ಲ ವಿಧಾನಗಳಲ್ಲಿ ಇದೇ ನಂಬಿಕಸ್ಥ. ಯಾಕೆಂದರೆ ಇಲ್ಲಿ ಅಳೆಯುವುದು ಚಾರ್ಜಿನ ನೆರಳನ್ನಲ್ಲ, ರಸಾಯನವನ್ನೇ.

ಆರು ಸೆಲ್‌ಗಳನ್ನೂ ನೋಡಬೇಕು. ಐದು 1.240 ತೋರಿಸಿ ಒಂದು 1.140 ತೋರಿಸಿದರೆ ಆ ಒಂದು ಸೆಲ್ ಸತ್ತಿದೆ. ದೀಪ ಹಸಿರೇ ಇರುತ್ತದೆ, ಕರೆಂಟು ಹೋದಾಗ ಹತ್ತು ನಿಮಿಷಕ್ಕೆ ಮನೆ ಕತ್ತಲು. ಡಿಸ್ಟಿಲ್ಡ್ ವಾಟರ್ ಹಾಕಿದ ತಕ್ಷಣ ಅಳೆಯಬೇಡಿ, ಹೊಸ ನೀರು ಮೇಲೆಯೇ ತೇಲುತ್ತಿರುತ್ತದೆ. ಇನ್ನೊಂದು ಮಾತು: ಮುಚ್ಚಳ ತೆಗೆದು ಲೈಟರ್ ಹಚ್ಚಿ ನೀರಿನ ಮಟ್ಟ ನೋಡಿದವರೊಬ್ಬರು ನಮ್ಮ ಗಿರಾಕಿಗಳಲ್ಲಿದ್ದಾರೆ. ಹುಬ್ಬು ಸುಟ್ಟುಕೊಂಡು ಬಂದಿದ್ದರು, ಪುಣ್ಯಕ್ಕೆ ಕಣ್ಣು ಉಳಿಯಿತು. ಚಾರ್ಜ್ ಆಗುವಾಗ ಹೊರಬರುವುದು ಜಲಜನಕ. ಟಾರ್ಚ್ ಬಳಸಿ.

150 ಆಂಪಿಯರ್ ಗಂಟೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಕಾಗದದ ಮೇಲೆ 12 ಗುಣಿಸು 150, ಅಂದರೆ 1,800 ವ್ಯಾಟ್ ಗಂಟೆ. 300 ವ್ಯಾಟ್ ಉರಿಸಿದರೆ ಆರು ಗಂಟೆ ಎಂದು ಮಾರುವವರು ಹೇಳುತ್ತಾರೆ. ನನ್ನ ಲೆಕ್ಕ ಮೂರೂವರೆ.

ಯುಪಿಎಸ್ ಒಳಗೆ ಐದನೇ ಒಂದು ಭಾಗದಷ್ಟು ಬಿಸಿಯಾಗಿ ಹೋಗುತ್ತದೆಂದು ಹಿಡಿದರೆ ಬ್ಯಾಟರಿಯಿಂದ ಎಳೆಯಬೇಕಾದ್ದು ಸುಮಾರು 31 ಆಂಪಿಯರ್. 150 ಎಂಬ ಅಂಕಿ ಬಂದಿರುವುದು 7.5 ಆಂಪಿಯರಿನಂತೆ ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗ. ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಒಟ್ಟು ಕೊಡುವುದೇ ಕಡಿಮೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ. ಜಿಪುಣನ ಹತ್ತಿರ ಚಿಲ್ಲರೆ ಚಿಲ್ಲರೆಯಾಗಿ ಕೇಳಿದರೆ ಹುಟ್ಟುತ್ತದೆ, ಇಡಿಗಂಟು ಕೇಳಿದರೆ ಬಾಗಿಲು ಮುಚ್ಚುತ್ತಾನೆ. ನಾಲ್ಕು ಎಲ್‌ಇಡಿ ದೀಪ, ಒಂದು ರೂಟರ್ ಮಾತ್ರ ಇಟ್ಟುಕೊಂಡರೆ ಅದೇ ಬ್ಯಾಟರಿ ಇಡೀ ರಾತ್ರಿ ದಾಟಿಸುತ್ತದೆ.

ಸ್ಪ್ರೇಯರಿನ ಮೀಟರ್ 12.3 ತೋರಿಸುತ್ತದೆ. ಎರಡು ಟ್ಯಾಂಕ್ ಹೊಡೆಯುವಷ್ಟರಲ್ಲಿ ನಿಂತುಹೋಗುತ್ತದೆ. ಮೀಟರ್ ಕೆಟ್ಟಿದೆಯೇ?

ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಕಾಲದಲ್ಲಿ ಒಬ್ಬ ಹುಡುಗ ಹೀಗೇ ಕೇಳುತ್ತಾ ಬೆನ್ನಿನ ಸ್ಪ್ರೇಯರನ್ನು ಮೇಜಿನ ಮೇಲಿಟ್ಟ. ತೊಟ್ಟಿಯ ಅಂಚಿನಲ್ಲಿ ಮೈಲುತುತ್ತದ ನೀಲಿ ಇನ್ನೂ ಹಸಿಯಾಗಿತ್ತು. 12 ವೋಲ್ಟ್, 8 ಆಂಪಿಯರ್ ಗಂಟೆಯ ಪುಟ್ಟ ಸೀಸದ ಬ್ಯಾಟರಿ. ಮಲ್ಟಿಮೀಟರ್ ಹಿಡಿದೆ: 12.31. "ನೋಡಿ ಅಣ್ಣಾ, ಸರಿಯಾಗಿಯೇ ಇದೆ" ಎಂದ. ಪಂಪಿನ ಸ್ವಿಚ್ ಒತ್ತಲು ಹೇಳಿದೆ. ಅಂಕಿ 11.4ಕ್ಕೆ ಬಿತ್ತು. 11.1. 10.8. ಮೋಟಾರಿನ ದನಿ ಮುದುಕನ ಕೆಮ್ಮಿನಂತೆ ಕುಗ್ಗಿತು. ಒಂದು ನಿಮಿಷಕ್ಕೆ 10.2. ಸ್ವಿಚ್ ಬಿಡಿಸಿದೆ. ಅಂಕಿ ಮೆಲ್ಲನೆ ಏಳತೊಡಗಿತು: 11.5, 11.8, ಚಹಾ ಕುಡಿದು ಮುಗಿಸುವ ಹೊತ್ತಿಗೆ 12.1. ಹುಡುಗ ಬ್ಯಾಟರಿಯನ್ನೇ ದುರುಗುಟ್ಟಿ ನೋಡುತ್ತಿದ್ದ.

ಮೀಟರ್ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಹೊತ್ತು ತಪ್ಪು. ಮಂಚದ ಮೇಲೆ ಮಲಗಿದವನನ್ನು ನೋಡಿ ಮೂಟೆ ಹೊರಬಲ್ಲನೇ ಎಂದು ಹೇಳಲಾಗದು. ಮೂಟೆ ಹೊರಿಸಿಯೇ ನೋಡಬೇಕು. ಹಳೆಯ ಬ್ಯಾಟರಿಯನ್ನು ಲೋಡ್ ಹಾಕಿ ಅಳೆಯದೆ ಯಾರಿಂದಲೂ ಕೊಳ್ಳಬೇಡಿ.

ಎಲೆಕ್ಟ್ರಿಕ್ ಸ್ಕೂಟರ್ 80 ಕಿಲೋಮೀಟರ್ ಹೋಗುತ್ತದೆ ಎಂದು ತೋರಿಸುತ್ತದೆ. ಗಿರಿಗೆ ಹೋಗಿ ಬರಬಹುದಲ್ಲವೇ?

ಆ ಅಂಕಿ ಅಂದಾಜಿನ ಮೇಲೊಂದು ಅಂದಾಜು. ಉಳಿದ ಚಾರ್ಜನ್ನು ಊಹಿಸಿ, ಅದನ್ನು ನೀವು ಇತ್ತೀಚೆಗೆ ಓಡಿಸಿದ ರೀತಿಗೆ ಭಾಗಿಸಿ ತೋರಿಸುತ್ತದೆ. ಎಂ.ಜಿ. ರಸ್ತೆಯಲ್ಲಿ ಮೆಲ್ಲಗೆ ಓಡಿಸಿದ ಸ್ಕೂಟರಿಗೆ ಮುಂದೆ ಬೆಟ್ಟ ಇದೆಯೆಂದು ಹೇಗೆ ಗೊತ್ತಾಗಬೇಕು?

ಎತ್ತರದ ಲೆಕ್ಕ ನೀವೇ ಹಾಕಬಹುದು. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್, ಗಿರಿಯ ತುದಿ 1,930. ಏರುವುದು 840 ಮೀಟರ್. ಸ್ಕೂಟರ್, ಇಬ್ಬರು ಸವಾರರು ಸೇರಿ 250 ಕಿಲೋ ಎಂದರೆ ಬರೀ ಮೇಲೆತ್ತಲು 0.57 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೆ 0.7. ಮೂರು ಯೂನಿಟ್ ಬ್ಯಾಟರಿಯಲ್ಲಿ ಸುಮಾರು ಕಾಲು ಭಾಗ ಎತ್ತರಕ್ಕೇ ಖರ್ಚು, ರಸ್ತೆಯ ಖರ್ಚು ಬೇರೆ. ಇಳಿಯುವಾಗ ಬ್ರೇಕಿನಿಂದ ಸ್ವಲ್ಪ ಮರಳಿ ಬರುತ್ತದೆ. ಆದರೆ ಮೇಲಿನ ಹೋಂಸ್ಟೇಯಲ್ಲಿ ರಾತ್ರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಅದೂ ಇಲ್ಲ, ತುಂಬಿದ ಕೊಡಕ್ಕೆ ನೀರು ಹಿಡಿಯಲಾಗದು. ಹೋಗಿ ಬನ್ನಿ, ಅರ್ಧಕ್ಕಿಂತ ಕಡಿಮೆ ಇಟ್ಟುಕೊಂಡು ಹೊರಡಬೇಡಿ.

ಹೊಸ ಲಿಥಿಯಂ ಯುಪಿಎಸ್ ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ನೋಡಬಹುದೇ?

ನೋಡಬಹುದು, ಏನೂ ತಿಳಿಯುವುದಿಲ್ಲ. ಅವು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್. ನಡುವಿನ ಬಹುಭಾಗ ಪ್ರತಿ ಸೆಲ್ 3.2ರಿಂದ 3.3 ವೋಲ್ಟಿನಲ್ಲೇ ಕುಳಿತಿರುತ್ತದೆ. ಜಮಾಖರ್ಚಿನ ಪುಸ್ತಕವೇ ಗತಿ. ಇಂಥ ಬ್ಯಾಟರಿಯ ಕಾರುಗಳನ್ನು ವಾರಕ್ಕೊಮ್ಮೆ ಶೇ 100ರವರೆಗೆ ತುಂಬಿಸಿ ಎಂದು ಕೆಲವು ತಯಾರಕರು ಹೇಳುವುದು ಪುಸ್ತಕವನ್ನು ಸರಿಮಾಡಿಕೊಳ್ಳಲು.

10,000ದ ಪವರ್ ಬ್ಯಾಂಕ್ 5,000ದ ಫೋನನ್ನು ಎರಡು ಸಲ ತುಂಬಿಸಬೇಕಲ್ಲ?

ಒಂದೂವರೆ ಸಲ ತುಂಬಿಸಿದರೆ ಅದು ಒಳ್ಳೆಯ ಪವರ್ ಬ್ಯಾಂಕ್. 10,000 ಎಂಬುದು ಒಳಗಿನ 3.7 ವೋಲ್ಟಿನ ಲೆಕ್ಕ, ಒಟ್ಟು 37 ವ್ಯಾಟ್ ಗಂಟೆ. ಅದನ್ನು 5 ವೋಲ್ಟಿಗೆ ಏರಿಸುವಾಗ, ಫೋನಿನೊಳಗೆ ಮತ್ತೆ ಇಳಿಸುವಾಗ ಎರಡು ಕಡೆ ಸುಂಕ.

ರಿಮೋಟಿನ ಸೆಲ್ಲನ್ನು ನೆಲಕ್ಕೆ ಬೀಳಿಸಿದರೆ ಪುಟಿದರೆ ಸತ್ತಿದೆ ಎನ್ನುತ್ತಾರೆ. ಹೌದೇ?

ಅರ್ಧ ಹೌದು. ಆಲ್ಕಲೈನ್ ಸೆಲ್ ಹೊಸದಿದ್ದಾಗ ದೊಪ್ಪನೆ ಬೀಳುತ್ತದೆ, ಬಳಸಿದಂತೆ ಒಳಗಿನ ಸತು ಸತುವಿನ ಆಕ್ಸೈಡ್ ಆಗಿ ಬಿಗಿದು ಪುಟಿಯುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸುಮಾರು ಅರ್ಧ ಖಾಲಿಯಾಗುವಷ್ಟರಲ್ಲೇ ಪುಟಿತ ತನ್ನ ಮಿತಿ ಮುಟ್ಟುತ್ತದೆ. ಪುಟಿದರೆ ಹೊಸದಲ್ಲ ಎಂದಷ್ಟೇ ಹೇಳಬಹುದು. ಅರ್ಧ ಜೀವ ಇರುವ ಸೆಲ್ಲನ್ನು ಎಸೆಯಬೇಡಿ, ಗೋಡೆ ಗಡಿಯಾರಕ್ಕೆ ಹಾಕಿ.

ಹಾಸನದ ಇಸ್ರೋ ಕೇಂದ್ರದ ಮುಂದೆ ಹೋಗುವಾಗ ಮಗಳು ಕೇಳಿದಳು: ಉಪಗ್ರಹದ ಬ್ಯಾಟರಿ ನೋಡುವವರು ಯಾರು?

ಇದನ್ನು ಕೇಳಿದ ತಂದೆಗೆ ಅಂದು ಚಹಾ ನಾನೇ ಕುಡಿಸಿದೆ. ನೋಡುವವರು ಅಲ್ಲಿಯೇ ಇದ್ದಾರೆ. 1982ರಿಂದ ನಡೆಯುತ್ತಿರುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಕೆಲಸವೇ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ನಾಡಿ ಹಿಡಿದು ಕೂರುವುದು. ವರ್ಷದ ಬಹುಪಾಲು ಅವಕ್ಕೆ ಬಿಸಿಲೋ ಬಿಸಿಲು. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಆಸುಪಾಸಿನಲ್ಲಿ ಮಾತ್ರ, ಪ್ರತಿ ಸಲ ಸುಮಾರು ನಲವತ್ತೈದು ದಿನ, ಭೂಮಿಯ ನೆರಳು ಅಡ್ಡ ಬರುತ್ತದೆ. ದಿನಕ್ಕೆ ಹೆಚ್ಚೆಂದರೆ ಎಪ್ಪತ್ತು ನಿಮಿಷದ ಆಸುಪಾಸು ಕತ್ತಲೆ. ಆ ಹೊತ್ತು ಬ್ಯಾಟರಿಯೇ ಎಲ್ಲ. ಅಂದಾಜು ತಪ್ಪಿದರೆ ಏಣಿ ಹಾಕಿ ಹತ್ತುವ ಹಾಗಿಲ್ಲ.

ಹಿಂದೆ ಅನೇಕ ಉಪಗ್ರಹಗಳಲ್ಲಿ ನಿಕಲ್-ಹೈಡ್ರೋಜನ್ ಬ್ಯಾಟರಿ ಇರುತ್ತಿತ್ತು. ತುಂಬಿದಂತೆಲ್ಲ ಒಳಗೆ ಜಲಜನಕ ಹುಟ್ಟಿ ಒತ್ತಡ ಏರುತ್ತದೆ. ಒತ್ತಡ ನೋಡಿದರೆ ಚಾರ್ಜ್ ಎಷ್ಟೆಂದು ತಿಳಿಯುತ್ತದೆ. ನಾನು ಮೊದಲು ಹೇಳಿದ ಸಿಲಿಂಡರಿಗೆ ಇಷ್ಟು ಹತ್ತಿರ ಬಂದ ಬ್ಯಾಟರಿ ಇದೊಂದೇ ಇರಬೇಕು. ಈಗ ಅಲ್ಲಿಯೂ ಲಿಥಿಯಂ ಬಂದಿದೆ. ಮತ್ತೆ ಅದೇ ಮಟ್ಟ, ಅದೇ ತೂಬು.

ಮಳೆಗಾಲ ಮುಗಿಯುವವರೆಗೆ ತೋಟದ ಮನೆಗೆ ಬೀಗ. ಬ್ಯಾಟರಿಗಳನ್ನು ಹೇಗೆ ಇಡಲಿ?

ಸೀಸದ್ದನ್ನು ಪೂರ್ತಿ ತುಂಬಿಸಿ ಇಡಿ, ತಿಂಗಳಿಗೊಮ್ಮೆ ಬಂದು ಮತ್ತೆ ತುಂಬಿಸಿ. ಲಿಥಿಯಂ ಆದರೆ ಅರ್ಧದಲ್ಲಿ ಇಡಿ. ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ.

ಫೋನಿನ ಬ್ಯಾಟರಿ ಸ್ವಲ್ಪ ಉಬ್ಬಿದೆ, ಶೇಕಡಾ ಮಾತ್ರ ಸರಿಯಾಗಿ ತೋರಿಸುತ್ತಿದೆ. ಇನ್ನೊಂದು ತಿಂಗಳು ಬಳಸಲೇ?

ಬೇಡ. ಲೆಕ್ಕದ ಚಿಪ್‌ಗೆ ಹೊಟ್ಟೆ ಉಬ್ಬಿದ್ದು ಕಾಣುವುದಿಲ್ಲ. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಒತ್ತದೆ, ಸೂಜಿ ಚುಚ್ಚಿ ಗಾಳಿ ಬಿಡುವ ಸಾಹಸ ಮಾಡದೆ, ಸ್ಟೀಲ್ ಡಬ್ಬಿಯಲ್ಲಿಟ್ಟು ತನ್ನಿ. ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ.